ಗಿರಾಕಿ ನಾವೂ ಹೌದು

ಪ್ರಶ್ನೆ: ಅಕ್ಕಾರ, ನಾನು ಗಾಲಿಕುರ್ಚಿ ಬಳಸತೀನಿ. ನೌಕರಿ ಐತಿ, ಪಗಾರ ಬರತೈತಿ. ತಂಗಿ ಮದುವಿ ಜವಳಿ ತಗಿಯಾಕ ಹುಬ್ಬಳ್ಳಿಗೆ ಹೋಗಿದ್ವಿ. ಅಂಗಡಿ ಮುಂದ ನಾಕು ಮೆಟ್ಟಿಲು. ಮಾಲಕರು 'ನೀವು ಆಟೋದಾಗ ಕುಂದರ್ರಿ, ಅಲ್ಲೇ ತಂದು ತೋರಸ್ತೀವಿ' ಅಂದ್ರು. ಹತ್ತು ಸೀರಿ ತಂದ್ರು, ಎಲ್ಲಾ ಕಮ್ಮಿ ರೇಟಿನವು. ನಾ ಸಿಟ್ಟಿಲೆ ಏನೂ ತಗೊಳ್ಳದ ವಾಪಸ್ ಬಂದೆ. ಮನ್ಯಾಗ 'ಪಾಪ, ಅವರು ಸಹಾಯ ಮಾಡಾಕ ಬಂದಿದ್ರು' ಅಂತ ನನಗ ಬೈತಾರ. ನಂದು ತಪ್ಪೇನ್ರಿ?
– ಓದುಗರೊಬ್ಬರು, ಹಾನಗಲ್ಲ

ಉತ್ತರ: ನಿಮ್ಮದು ತಪ್ಪಲ್ಲ, ತಂಗಿ. ಮದುವೆ ಜವಳಿ ತೆಗೆಯುವಾಗ ಹೆಣ್ಣುಮಕ್ಕಳು ಅಂಗಡಿಯ ಗಾದಿಯ ಮೇಲೆ ಕೂತು, ಸೀರೆ ಹರವಿಸಿ, ಸೆರಗನ್ನು ಬೆಳಕಿಗೆ ಹಿಡಿದು, 'ಇದು ಬ್ಯಾಡ, ಮ್ಯಾಲಿಂದು ತಗೀರಿ' ಎಂದು ಅರ್ಧ ದಿನ ಕಳೆಯುತ್ತಾರೆ. ಆ ಅರ್ಧ ದಿನ ನಿಮ್ಮದೂ ಆಗಿತ್ತು, ತಂಗಿಯ ಪಕ್ಕದಲ್ಲಿ.

ಮೆಟ್ಟಿಲಿಗಿಂತ ನನ್ನ ಮನಸ್ಸಿಗೆ ಚುಚ್ಚಿದ್ದು ಆ ಕಮ್ಮಿ ರೇಟಿನ ಸೀರೆಗಳ ಮಾತು. ಕುರ್ಚಿ ಕಂಡ ಕೂಡಲೇ ಇವರ ಕೈಯಲ್ಲಿ ರೊಕ್ಕ ಇರಲಿಕ್ಕಿಲ್ಲ ಎಂದು ಅವರೇ ಲೆಕ್ಕ ಹಾಕಿಬಿಟ್ಟರು. ನಾನು ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಪಟ್ಟಿ) ಕಟ್ಟಿಕೊಂಡು ಊರುಗೋಲಿನ ಮೇಲೆ ಓಡಾಡುವವಳು. ಧಾರವಾಡದ ಒಂದು ಚಪ್ಪಲಿ ಅಂಗಡಿಯಲ್ಲಿ ನನ್ನನ್ನು ಬಿಟ್ಟು ಜೊತೆಗಿದ್ದ ತಮ್ಮನ ಮಗಳನ್ನು ಕೇಳಿದರು, 'ಇವರಿಗೆ ಎಷ್ಟರೊಳಗ ಬೇಕ್ರಿ?' ಎಂದು. ಹುಡುಗಿ ಇನ್ನೂ ಕಾಲೇಜು ಓದುತ್ತಾಳೆ. ದುಡಿಯುವವಳು ನಾನು, ಹಣ ಇದ್ದದ್ದು ನನ್ನ ಚೀಲದಲ್ಲಿ.

ಕಾನೂನಿನ ಮಾತು ಹೇಳುತ್ತೇನೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 46ನೇ ಕಲಮು ಸರ್ಕಾರಿ ಸೇವೆಗೂ ಖಾಸಗಿ ಸೇವೆಗೂ ಒಂದೇ. ನಮಗೆ ಎಟಕುವಂತೆ ಸೇವೆ ಕೊಡಬೇಕು. ತೊಡಕು ಇದ್ದದ್ದು ಇದರ ನಿಯಮಗಳಲ್ಲಿ. ಅವು ಸಲಹೆಯ ರೂಪದಲ್ಲಿದ್ದವು, ಮಾಡಿದರೂ ಸೈ, ಬಿಟ್ಟರೂ ಸೈ. ರಾಜೀವ್ ರತೂರಿ ಎಂಬ ದೃಷ್ಟಿದೋಷವುಳ್ಳ ಹೋರಾಟಗಾರರು 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪು ಕೊಟ್ಟು, 'ಹೀಗೆ ಬರೀ ಸಲಹೆ ಸಾಲದು, ಕನಿಷ್ಠ ಮಾನದಂಡಗಳನ್ನು ಕಡ್ಡಾಯ ಮಾಡಿ' ಎಂದು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಹಾಕಿತು. ಹತ್ತೊಂಬತ್ತು ವರ್ಷ ಬಿಡದೆ ಬೆನ್ನು ಹತ್ತಿದ ಆ ಮನುಷ್ಯನಿಗೆ ನಾವೆಲ್ಲ ಋಣಿ.

ಆದರೆ ಮಾಲೀಕರ ಅಡಚಣೆಯನ್ನೂ ತಿಳಿದುಕೊಂಡು ಮಾತಾಡಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಒಂದಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರಾರು ಇಂಚಿನ ನಾಲ್ಕು ಮೆಟ್ಟಿಲಿಗೆ 24 ಅಡಿ ಆಯಿತು. ಹುಬ್ಬಳ್ಳಿ ಪ್ಯಾಟಿಯ ದುರ್ಗದಬೈಲಿನ ಸುತ್ತಲಿನ ಗಲ್ಲಿಗಳಲ್ಲಿ ಅಷ್ಟು ಜಾಗ ಎಲ್ಲಿಂದ ತರಬೇಕು? ಪ್ಯಾಟಿಯಲ್ಲಿ ಈಗ ಕಾಣುವ ಎಷ್ಟೋ ಜಾರುಗಳು ರಾತ್ರಿ ಬೈಕು ಒಳಗೆ ಹತ್ತಿಸಲು ಮಾಡಿದವು. ಗೋಡೆಯಂತೆ ಕಡಿದಾಗಿರುತ್ತವೆ. 'ಜಾರು ಐತಲ್ರಿ' ಎಂದು ಯಾರಾದರೂ ಒತ್ತಾಯ ಮಾಡಿದರೆ ಹತ್ತಬೇಡಿ, ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬದಲಿಗೆ ಮಾಲು ಇಳಿಸುವ ಹಿಂದಿನ ಬಾಗಿಲನ್ನು ಕೇಳಿ. ಕೆಲವು ಕಡೆ ಅದು ನೆಲಮಟ್ಟಕ್ಕೇ ಇರುತ್ತದೆ. ಹೊರಡುವ ಮುಂಚೆ ಫೋನ್ ಮಾಡಿ, ಎಷ್ಟು ಮೆಟ್ಟಿಲು, ಬಾಗಿಲು ಎಷ್ಟು ಇಂಚು ಅಗಲ ಎಂದು ವಿಚಾರಿಸಿ. ನಿಮ್ಮ ಕುರ್ಚಿಯ ಅಗಲ ಅಳೆದು ಬರೆದಿಟ್ಟುಕೊಂಡಿರಿ.

ಇನ್ನೊಂದು ಕೆಲಸ ಮಾಡಿ. ಜವಳಿ ಬೇರೆ ಕಡೆ ತೆಗೆದ ಮೇಲೆ ಆ ಬಿಲ್ಲಿನ ನಕಲನ್ನು ಮೊದಲಿನ ಅಂಗಡಿಯ ಮಾಲೀಕರಿಗೆ ಕಳಿಸಿ, 'ಇಷ್ಟರ ವ್ಯಾಪಾರ ನಿಮ್ಮಲ್ಲಿ ಆಗಬೇಕಿತ್ತು' ಎಂದು ಎರಡು ಸಾಲು ಬರೆಯಿರಿ. ವ್ಯಾಪಾರಸ್ಥರು ಬಿಲ್ಲನ್ನು ಓದದೆ ಬಿಡುವುದಿಲ್ಲ.

ಪ್ರಶ್ನೆ: ರಾಣೆಬೆನ್ನೂರಾಗ ನಂದೊಂದು ಔಷಧ ಅಂಗಡಿ. ಮುಂದ ಒಂದ ಮೆಟ್ಟಿಲು. ಅಂಗವಿಕಲ ಗಿರಾಕಿ ತಿಂಗಳಿಗೆ ಒಬ್ರೋ ಇಬ್ರೋ ಬರತಾರ. ಅಷ್ಟಕ್ಕ ಖರ್ಚು ಮಾಡೂದು ಗಿಟ್ಟತೈತೇನ್ರಿ? ಸಿಟ್ಟಾಗಬ್ಯಾಡ್ರಿ, ಖರೇನ ಕೇಳಾಕತ್ತೀನಿ.
– ವ್ಯಾಪಾರಸ್ಥರು, ರಾಣೆಬೆನ್ನೂರು

ಉತ್ತರ: ಸಿಟ್ಟಿಲ್ಲ, ಅಣ್ಣಾವ್ರೇ. ಬಾಯಿಬಿಟ್ಟು ಕೇಳಿದ್ದಕ್ಕೆ ಸಂತೋಷ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13,24,205 ಅಂಗವಿಕಲರು ಲೆಕ್ಕಕ್ಕೆ ಸಿಕ್ಕರು. ಇವರಲ್ಲಿ ನಿಮ್ಮೂರಿನವರು ಗುಳಿಗೆ ನುಂಗುವುದಿಲ್ಲವೆ? ನುಂಗುತ್ತಾರೆ. ಚೀಟಿ ಬರೆದು ಮನೆಯವರ ಕೈಯಲ್ಲಿ ಕಳಿಸುತ್ತಾರೆ, ಅದಕ್ಕೇ ನಿಮಗೆ ಕಾಣುವುದಿಲ್ಲ. ಹೆಣ್ಣುಮಗಳೊಬ್ಬಳು ಮುಟ್ಟಿನ ಪ್ಯಾಡು ಬೇಕಾದರೂ ತಮ್ಮನಿಗೆ ಹೇಳಿ ಕಳಿಸಬೇಕು. ಆ ಸಂಕೋಚ ಎಂಥದೆಂದು ನಾನು ಬಲ್ಲೆ.

ಆ ಮೆಟ್ಟಿಲಿಗೆ ಯಾರು ಯಾರು ತಡವರಿಸುತ್ತಾರೆ ಎಂದು ಒಂದು ದಿನ ಗಲ್ಲೆಯ ಮೇಲೆ ಕೂತು ನೋಡಿ. ಮಂಡಿನೋವಿನ ಅಜ್ಜಿ, ತುಂಬಿದ ಬಸುರಿ, ಕಂಕುಳಲ್ಲಿ ಕೂಸು ಇದ್ದವಳು, ಔಷಧದ ಡಬ್ಬಿ ಹೊತ್ತು ತರುವ ನಿಮ್ಮದೇ ಹುಡುಗ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ನಿಲ್ದಾಣದ ಕಟ್ಟೆ ಬಸ್ಸಿನ ನೆಲದ ಮಟ್ಟಕ್ಕೇ ಇದೆ. ನನ್ನಂಥವರಿಗೆ ಅದು ದೊಡ್ಡ ಆಸರೆ. ಆದರೆ ದಿನವೂ ಅದರ ಸುಖ ಉಣ್ಣುವವರಲ್ಲಿ ಕಾಲು ಗಟ್ಟಿ ಇದ್ದವರೇ ಹೆಚ್ಚು.

ಅಮೆರಿಕದಲ್ಲಿ ಸ್ಯಾಮ್ ಫಾರ್ಬರ್ ಎಂಬ ವ್ಯಾಪಾರಸ್ಥರಿದ್ದರು. ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ. ಸಿಪ್ಪೆ ತೆಗೆಯುವ ತೆಳ್ಳನೆಯ ಕಬ್ಬಿಣದ ಹಿಡಿಕೆ ಹಿಡಿಯಲು ಆಕೆಗೆ ಆಗುತ್ತಿರಲಿಲ್ಲ. ದಪ್ಪನೆಯ ಮೆತ್ತನೆಯ ಹಿಡಿಕೆ ಮಾಡಿಸಿ 1990ರಲ್ಲಿ ಆಕ್ಸೋ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಕೈ ನೋವಿಲ್ಲದವರೂ ಮುಗಿಬಿದ್ದು ಕೊಂಡರು. ಒಬ್ಬಳ ನೋವಿನಿಂದ ಹುಟ್ಟಿದ ಸಾಮಾನು ಎಲ್ಲರ ಅಡುಗೆಮನೆಗೆ ಹೋಯಿತು.

ನಿಮ್ಮ ಮೆಟ್ಟಿಲು ಏಳು ಇಂಚಿದ್ದರೆ ಏಳಡಿಯ ಇಳಿಜಾರು ಸಾಕು. ಕಾಂಕ್ರೀಟಿನಲ್ಲಿ ಕಟ್ಟಿದರೆ ನಡೆಯುವವರ ದಾರಿ ಮುಚ್ಚುತ್ತದೆ. ಹಾಸಿ ಎತ್ತಿಡುವಂಥ ಗೀರುಗೀರಾದ ಲೋಹದ ತಗಡು ಮಾಡಿಸಿ, ಬಾಗಿಲ ಪಕ್ಕ ಕುಳಿತವರ ಕೈಗೆ ಎಟಕುವಂತೆ ಒಂದು ಗಂಟೆಯ ಗುಂಡಿ ಹಾಕಿಸಿ. ಒಳಗೆ ಒಂದು ಕುರ್ಚಿ ಇಡಿ. ಗುಳಿಗೆ ಯಾವ ಹೊತ್ತಿಗೆ ಎಂಬುದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಹಣ ಬಂತೆಂದು ಕೂಗುವ ಪೆಟ್ಟಿಗೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರ ದನಿ ಕಡಿಮೆ ಮಾಡಬೇಡಿ, ಕಣ್ಣು ಕಾಣದ ಗಿರಾಕಿಗೆ ಎಷ್ಟು ಹಣ ಹೋಯಿತೆಂದು ತಿಳಿಯುವುದು ಅದರಿಂದಲೇ. ಮುಂದೆ ಹೊಸ ಕಟ್ಟಡ ಕಟ್ಟಿಸುವುದಿದ್ದರೆ ನಕ್ಷೆಯಲ್ಲೇ ಇದನ್ನೆಲ್ಲ ಸೇರಿಸಿ. ಅದೇ ಅಧಿನಿಯಮದ 44ನೇ ಕಲಮಿನ ಪ್ರಕಾರ, ನಿಯಮಕ್ಕೆ ಹೊಂದದ ನಕ್ಷೆಗೆ ಪರವಾನಗಿ ಕೊಡುವಂತಿಲ್ಲ.

ಪ್ರಶ್ನೆ: ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ, ಮಕ್ಕಳಿಗೆ ಹಾರ್ಮೋನಿಯಂ ಕಲಿಸುತ್ತೇನೆ. ಬಟ್ಟೆ ಒಗೆಯುವ ಯಂತ್ರ ಕೊಳ್ಳಲು ಹೋದರೆ ಎಲ್ಲದರ ಮೇಲೂ ನುಣ್ಣನೆ ಗಾಜು, ಕೈಗೆ ಏನೂ ಸಿಗುವುದಿಲ್ಲ. 200 ಮತ್ತು 500ರ ನೋಟು ಕೂಡ ಒಂದೇ ಅನಿಸುತ್ತವೆ. ದಾರಿ ಇದೆಯೇ?
– ಸಂಗೀತ ಶಿಕ್ಷಕರು, ಗದಗ

ಉತ್ತರ: ಪುಟ್ಟರಾಜ ಗವಾಯಿಗಳ ಊರಿನವರು ನೀವು. ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳ ಬೆರಳಿಗೆ ಸ್ವರ ಸಿಕ್ಕಿದೆ! ಹಾರ್ಮೋನಿಯಮ್ಮಿನ ಕಪ್ಪು ಮನೆಗಳು ಎದ್ದು ನಿಂತಿರುವುದರಿಂದ ಬೆರಳು ತಾನೇ ದಾರಿ ಹುಡುಕುತ್ತದೆ. ಯಂತ್ರದ ಮೇಲೂ ಹಾಗೆ ಎದ್ದು ನಿಂತ ಗುರುತು ಬೇಕೆಂದು ಕೇಳುವುದು ಅತಿಯಾಸೆ ಅಲ್ಲ.

ತಿರುಗಿಸುವ ಗುಂಡಿ ಇರುವ ಯಂತ್ರಗಳು ಈಗಲೂ ಸಿಗುತ್ತವೆ, ಸಾಮಾನ್ಯವಾಗಿ ಎರಡು ತೊಟ್ಟಿಯವು. ಒಂದೇ ತೊಟ್ಟಿಯದು ಬೇಕಿದ್ದರೆ ಒತ್ತಿದಾಗ ಒಳಗೆ ಹೋಗುವ ಗುಂಡಿ ಇರಬೇಕು, ಪ್ರತಿ ಗುಂಡಿಗೂ ಸದ್ದು ಬರಬೇಕು. ಅಂಗಡಿಯಲ್ಲೇ ವಿದ್ಯುತ್ ಹಾಕಿಸಿ ನೀವೇ ಒತ್ತಿ ನೋಡಿ. ಮನೆಗೆ ಬಂದ ಮೇಲೆ ದಿನವೂ ಬಳಸುವ ಎರಡು ಮೂರು ಗುಂಡಿಗಳ ಪಕ್ಕ ಎಂ-ಸೀಲ್ ಎಂಬ, ಒಣಗಿದರೆ ಗಟ್ಟಿಯಾಗುವ ಅಂಟಿನ ಸಣ್ಣ ಗುಂಡು ಅಂಟಿಸಿ. ಹಣೆಯ ಬಿಂದಿ ಅಂಟಿಸಿದರೆ ನೀರಿಗೆ ಬಿದ್ದುಹೋಗುತ್ತದೆ. 'ಗುಂಡಿ ಐತ್ರಿ, ಸದ್ದು ಬರತೈತ್ರಿ' ಎಂದು ಹೇಳಿ ಬೇರೆ ಮಾಲು ಕಳಿಸಿದರೆ ಅದು ಅನುಚಿತ ವ್ಯಾಪಾರ ಪದ್ಧತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ.

ನೋಟಿನ ವಿಷಯದಲ್ಲಿ ನಿಮ್ಮ ಬೆರಳಿನ ದೋಷವಿಲ್ಲ. 200ರದು 146 ಮಿಲಿಮೀಟರ್ ಉದ್ದ, 500ರದು 150. ನಡುವೆ ನಾಲ್ಕೇ ಮಿಲಿಮೀಟರ್, ಅಗಲ ಒಂದೇ. ಅಂಚಿನಲ್ಲಿ ಉಬ್ಬು ಗೆರೆಗಳಿವೆ, 200ರಲ್ಲಿ ನಾಲ್ಕು, 500ರಲ್ಲಿ ಐದು. ನೋಟು ಹಳತಾದಂತೆ ಉಬ್ಬು ಸವೆಯುತ್ತದೆ. ರಿಸರ್ವ್ ಬ್ಯಾಂಕು 2020ರಲ್ಲಿ ತಂದ 'ಮಣಿ' ಆ್ಯಪ್ ಫೋನಿನಲ್ಲಿ ಹಾಕಿಸಿಕೊಳ್ಳಿ. ನೋಟನ್ನು ಕ್ಯಾಮೆರಾ ಮುಂದೆ ಹಿಡಿದರೆ ಎಷ್ಟರದೆಂದು ಹೇಳುತ್ತದೆ, ಇಂಟರ್‌ನೆಟ್ ಬೇಕಿಲ್ಲ.

ಪ್ರಶ್ನೆ: ನಮ್ಮವ್ವಗ ಎರಡೂ ಕಣ್ಣಿಲ್ಲ. ಬ್ಯಾಂಕಿನ ಕೆವೈಸಿಗೆ ಫೋನ್ ಹಿಡಿದು ಕಣ್ಣು ಮಿಟುಕಸ್ರಿ ಅಂತಾರ. ಏನು ಮಾಡೂದ್ರಿ?
– ಓದುಗರೊಬ್ಬರು, ಕಲಘಟಗಿ

ಉತ್ತರ: ಕಣ್ಣು ಮಿಟುಕಿಸದಿದ್ದರೆ ಖಾತೆ ನಿಲ್ಲಿಸುವಂತಿಲ್ಲ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇದೇ ವಿಷಯದಲ್ಲಿ ತೀರ್ಪು ಕೊಟ್ಟು, ಬೇರೆ ವಿಧಾನಗಳನ್ನೂ ಒದಗಿಸಬೇಕು, ಕಾಗದದ ಕೆವೈಸಿ ಮುಂದುವರಿಯಬೇಕು ಎಂದಿದೆ. ಶಾಖೆಗೆ ಅರ್ಜಿ ಬರೆದು ಕಾಗದದ ಮೂಲಕವೇ ಮಾಡಿಕೊಡಿ ಎಂದು ಕೇಳಿ. ಅವ್ವನನ್ನು ಕರೆದೊಯ್ಯುವುದು ಕಷ್ಟವಾದರೆ ಮನೆಬಾಗಿಲ ಸೇವೆಯನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ. ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಅದನ್ನು ಕೊಡಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಸೂಚಿಸಿದೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಬ್ಯಾಂಕಿನ ಶಿಕ್ಕೆ, ತಾರೀಖು ಹಾಕಿಸಿಕೊಂಡು ಬನ್ನಿ.