ಕೆಲಸ ಬಿಡದೆ ಜಾರ್ಜಿಯಾ ಟೆಕ್‌ನ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಮುಗಿಸಲು ಏನೇನು ಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಇ ಅಂಡ್ ಸಿಯಲ್ಲಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಬಿಇ ಆಗಿದೆ, ಬೆಂಗಳೂರಿನಲ್ಲಿ ಕೆಲಸ ಇದೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರ ಓಎಂಎಸ್‌ಸಿಎಸ್, ಅಂದರೆ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್, ಇಲ್ಲೇ ಕೂತು ಮಾಡಬಹುದಾ, ಡಿಗ್ರಿ ಕೈಗೆ ಬರಬೇಕಾದರೆ ಏನೇನು ಪೂರೈಸಬೇಕು? ಮಾಡಬಹುದು. ನಾನೂ ಇ ಅಂಡ್ ಸಿಯವನೇ, ಕೆಲಸ ಮಾಡಿಕೊಂಡೇ ಮುಗಿಸಿದೆ.

ಮೊದಲು ಸೇರುವ ವಿಷಯ. ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಿಲ್ಲ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕ, ಮಾರ್ಕ್ಸ್ ಕಾರ್ಡುಗಳು, ಮೂರು ರೆಕಮೆಂಡೇಶನ್ ಲೆಟರ್ ಬೇಕು. ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು ಅಂತಿಲ್ಲ. ಆದರೆ ಡೇಟಾ ಸ್ಟ್ರಕ್ಚರ್ಸ್, ಸ್ವಲ್ಪ ಗಣಿತ, ಒಂದು ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ ಎಂದು ಅರ್ಜಿಯಲ್ಲಿ ಕಾಣಬೇಕು. 2014ರಲ್ಲಿ ಶುರುವಾದಾಗಿನಿಂದ ಇವರ ಧೋರಣೆ ಒಂದೇ. ಯೋಗ್ಯತೆ ಇದ್ದವರನ್ನೆಲ್ಲ ಒಳಗೆ ಬಿಡುತ್ತಾರೆ, ಜರಡಿ ಹಿಡಿಯುವುದು ಆಮೇಲೆ. ಹಾಗಾಗಿ ಅಡ್ಮಿಶನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಡಿಗ್ರಿಯ ಲೆಕ್ಕ. ಒಟ್ಟು 30 ಕ್ರೆಡಿಟ್. ಕೋರ್ಸಿಗೆ 3ರಂತೆ 10 ಕೋರ್ಸ್. ಮುಗಿಸಲು ಆರು ವರ್ಷ ಸಮಯ ಇದೆ. ಥೀಸಿಸ್ ಕಡ್ಡಾಯ ಅಲ್ಲ. ಐದಾರು ಕೋರ್ಸುಗಳು ನೀವು ಆರಿಸಿದ ಸ್ಪೆಷಲೈಸೇಶನ್‌ಗೆ (ಆಳವಾಗಿ ಓದಲು ಆರಿಸಿಕೊಳ್ಳುವ ವಿಷಯ) ಹೋಗುತ್ತವೆ, ಮಿಕ್ಕವು ನಿಮ್ಮಿಷ್ಟ. ಕೇಳಲು ಸಲೀಸು. ಕಷ್ಟ ಇರುವುದು ಗ್ರೇಡಿನಲ್ಲಿ. ಸ್ಪೆಷಲೈಸೇಶನ್ ಕೋರ್ಸುಗಳಲ್ಲಿ ಬಿ ಬರಲೇಬೇಕು, ಸಿ ಬಂದರೆ ಅದು ಸ್ಪೆಷಲೈಸೇಶನ್‌ಗೆ ಲೆಕ್ಕಕ್ಕಿಲ್ಲ. ಒಟ್ಟಾರೆ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, 4ಕ್ಕೆ 3.0ಗಿಂತ ಕೆಳಗೆ ಇಳಿಯಬಾರದು. ಅದರ ಮೇಲೆ ಸೇರಿದ ಮೊದಲ 12 ತಿಂಗಳೊಳಗೆ 'ಫೌಂಡೇಶನಲ್' ಪಟ್ಟಿಯ ಎರಡು ಕೋರ್ಸುಗಳಲ್ಲಿ ಬಿ ತೆಗೆದಿರಬೇಕು. ನಮ್ಮಲ್ಲಿ ಬಿಇ ಮಾಡುವಾಗ ಬ್ಯಾಕ್ ಉಳಿದರೆ ಮುಂದಿನ ಸಲ ನೋಡಿಕೊಳ್ಳೋಣ ಅನ್ನುವ ಅಭ್ಯಾಸ ಇರುತ್ತದಲ್ಲ, ಅದು ಇಲ್ಲಿ ನಡೆಯುವುದಿಲ್ಲ.

ಅದಕ್ಕೇ ನನ್ನ ಸಲಹೆ: ಸ್ಪೆಷಲೈಸೇಶನ್ ಆರಿಸುವ ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಜಿಎ ತೆಗೆದುಕೊಳ್ಳುತ್ತೀರಾ, ಇಲ್ಲವಾ? ಜಿಎ ಅಂದರೆ ಸಿಎಸ್ 6515, ಗ್ರಾಜುಯೇಟ್ ಆಲ್ಗರಿದಮ್ಸ್. ಮಶೀನ್ ಲರ್ನಿಂಗ್, ಕಂಪ್ಯೂಟಿಂಗ್ ಸಿಸ್ಟಮ್ಸ್ ಎರಡಕ್ಕೂ ಅದು ಬೇಕೇ ಬೇಕು. ಮೊದಲು ಇಂಟರಾಕ್ಟಿವ್ ಇಂಟೆಲಿಜೆನ್ಸ್ ಅನ್ನುತ್ತಿದ್ದ, ಈಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಎಂಬ ಹೆಸರಿನ ಸ್ಪೆಷಲೈಸೇಶನ್‌ನಲ್ಲಿ ಅದರ ಬದಲು ಸಾಫ್ಟ್‌ವೇರ್ ಇಂಜಿನಿಯರಿಂಗ್ ಕಡೆಯ ಕೋರ್ಸ್ ತೆಗೆದುಕೊಳ್ಳಬಹುದು. ಜಿಎಗೆ ನೂಕುನುಗ್ಗಲು ಜಾಸ್ತಿ, ಹಳಬರಿಗೆ ಮೊದಲು ಸೀಟು. ಹಾಗಾಗಿ ಬಹಳ ಜನಕ್ಕೆ ಅದು ಸಿಗುವುದೇ ಕೊನೆಯ ಒಂದೆರಡು ಸೆಮಿಸ್ಟರ್‌ನಲ್ಲಿ. ಒಂಬತ್ತು ಕೋರ್ಸ್ ಮುಗಿಸಿ ಹತ್ತನೆಯದರಲ್ಲಿ ಬಿ ಬಾರದೆ ಒದ್ದಾಡುವವರು ಇಲ್ಲಿ ಅಪರೂಪವಲ್ಲ.

ಆ ಕೋರ್ಸ್ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಡೈನಾಮಿಕ್ ಪ್ರೋಗ್ರಾಮಿಂಗ್ (ಸಣ್ಣ ಸಮಸ್ಯೆಗಳ ಉತ್ತರವನ್ನು ಟೇಬಲ್‌ನಲ್ಲಿ ತುಂಬುತ್ತಾ ದೊಡ್ಡದನ್ನು ಬಿಡಿಸುವ ವಿಧಾನ) ಪ್ರಶ್ನೆ ಬಂದರೆ ನೀವು ಕೋಡ್ ಬರೆಯಲು ಹಾತೊರೆಯುತ್ತೀರಿ. ನಾನು ತೆಗೆದುಕೊಂಡಾಗ ಮೊದಲ ಅಂಕ ಇದ್ದದ್ದು ಟೇಬಲ್‌ನ ಪ್ರತಿ ಖಾನೆಯಲ್ಲಿ ಏನಿದೆ ಎಂದು ಮಾತಿನಲ್ಲಿ ಬರೆಯುವುದಕ್ಕೆ. ಆಮೇಲೆ ರಿಕರೆನ್ಸ್ (ಒಂದು ಖಾನೆಯನ್ನು ಹಿಂದಿನ ಖಾನೆಗಳಿಂದ ಪಡೆಯುವ ಸೂತ್ರ), ಆಮೇಲೆ ಸೂಡೋಕೋಡ್ (ಕೋಡಿನ ಸರಳ ಕರಡು), ಕೊನೆಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬ ಲೆಕ್ಕ. ಒಂದು ಸಮಸ್ಯೆ ಎನ್‌ಪಿ-ಕಂಪ್ಲೀಟ್ (ಬೇಗ ಬಿಡಿಸುವ ದಾರಿ ಗೊತ್ತಿಲ್ಲದ ಕಷ್ಟದ ವರ್ಗ) ಎಂದು ತೋರಿಸುವಾಗ ಗೊತ್ತಿರುವ ಕಷ್ಟದ ಸಮಸ್ಯೆಯನ್ನು ಹೊಸ ಸಮಸ್ಯೆಗೆ ಇಳಿಸಬೇಕು. ಗಡಿಬಿಡಿಯಲ್ಲಿ ಅದನ್ನೇ ತಿರುಗುಮುರುಗು ಮಾಡಿದರೆ ಉತ್ತರ ಪುಟಗಟ್ಟಲೆ ಇದ್ದರೂ ಪ್ರಯೋಜನ ಇಲ್ಲ. ಹತ್ತು ವರ್ಷ ಕೋಡ್ ಬರೆದ ಅನುಭವ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಪೆನ್ನು ಹಿಡಿದು ಬರೆದು ಬರೆದು ರೂಢಿ ಮಾಡಿಕೊಂಡವರು ಪಾಸಾಗುತ್ತಾರೆ.

ಇ ಅಂಡ್ ಸಿಯವರಿಗೆ ಮೊದಲ ಕೋರ್ಸಾಗಿ ನಾನು ಹೇಳುವುದು ಗ್ರಾಜುಯೇಟ್ ಇಂಟ್ರೊಡಕ್ಷನ್ ಟು ಆಪರೇಟಿಂಗ್ ಸಿಸ್ಟಮ್ಸ್. ಸಿ ಭಾಷೆಯಲ್ಲಿ ಮಲ್ಟಿಥ್ರೆಡೆಡ್ (ಏಕಕಾಲಕ್ಕೆ ಹಲವರಿಗೆ ಫೈಲ್ ಕಳಿಸುವ) ಫೈಲ್ ಸರ್ವರ್ ಬರೆಸುತ್ತಾರೆ. ಬೆವರು ಇಳಿಯುತ್ತದೆ, ಆದರೆ ಕಾಲೇಜಿನಲ್ಲಿ ತಪ್ಪಿಹೋದದ್ದೆಲ್ಲ ಒಂದೇ ಸೆಮಿಸ್ಟರ್‌ನಲ್ಲಿ ತುಂಬಿಕೊಳ್ಳುತ್ತದೆ. ಸಿ ಮರೆತಿದ್ದರೆ ಸೇರುವ ಮೊದಲೇ ಪಾಯಿಂಟರ್ ಒಂದು ಸಲ ನೋಡಿಕೊಂಡುಬಿಡಿ. ಹೆದರಿಕೆ ಇದ್ದರೆ ನಾಲೆಜ್-ಬೇಸ್ಡ್ ಎಐ ಕೂಡ ಒಳ್ಳೆಯದೇ. 2016ರಲ್ಲಿ ಪ್ರೊಫೆಸರ್ ಅಶೋಕ್ ಗೋಯಲ್ 'ಜಿಲ್ ವಾಟ್ಸನ್' ಎಂಬ ಸಾಫ್ಟ್‌ವೇರನ್ನು ಟೀಚಿಂಗ್ ಅಸಿಸ್ಟೆಂಟ್ ಅಂತ ಕೂರಿಸಿದ್ದು ಇದೇ ಕೋರ್ಸಿನಲ್ಲಿ. ಉತ್ತರ ಕೊಡುತ್ತಿರುವುದು ಮನುಷ್ಯರಲ್ಲ ಅಂತ ಬಹಳ ವಿದ್ಯಾರ್ಥಿಗಳಿಗೆ ಗೊತ್ತೇ ಆಗಿರಲಿಲ್ಲ!

ಕೆಲಸದ ಜೊತೆ ಅಂದರೆ ಸೆಮಿಸ್ಟರ್‌ಗೆ ಒಂದೇ ಕೋರ್ಸ್. ಜನವರಿ, ಮೇ, ಆಗಸ್ಟ್ ಹೀಗೆ ವರ್ಷಕ್ಕೆ ಮೂರು ಸೆಮಿಸ್ಟರ್ ಇರುತ್ತವೆ. ಬಿಡುವು ತೆಗೆದುಕೊಂಡರೂ ನಾಲ್ಕು ವರ್ಷದ ಒಳಗೆ ಹೊರಬರಬಹುದು. ಒಂದು ಅನುಕೂಲ ನಮಗೆ ಮಾತ್ರ. ಹಲವು ಕೋರ್ಸುಗಳ ಡೆಡ್‌ಲೈನ್ ಭಾನುವಾರ ರಾತ್ರಿ 11:59, ಅದೂ 'ಭೂಮಿಯಲ್ಲಿ ಎಲ್ಲೇ ಇರಲಿ' ಲೆಕ್ಕದಲ್ಲಿ. ನಮ್ಮ ಗಡಿಯಾರದಲ್ಲಿ ಅದು ಸೋಮವಾರ ಸಂಜೆ 5:29. ಮ್ಯಾನೇಜರ್ ಒಪ್ಪಿದರೆ ಸೋಮವಾರ ರಜೆ ಹಾಕಿ ಕೂರಬಹುದು. ಪರೀಕ್ಷೆಗೆ ವೆಬ್‌ಕ್ಯಾಮ್ ಕಾವಲು ಇರುತ್ತದೆ, ಕೋಣೆ ಪೂರ್ತಿ ತೋರಿಸಬೇಕು. ಮನೆಯವರಿಗೆ ಮೊದಲೇ ಹೇಳಿಡಿ, ಮಧ್ಯದಲ್ಲಿ ಯಾರೂ ಕಾಫಿ ತಂದುಕೊಡಬಾರದು. ಕೋರ್ಸ್ ಕೈಮೀರುತ್ತಿದೆ ಅನಿಸಿದರೆ ಕೊನೆಯ ದಿನಾಂಕದೊಳಗೆ ವಿತ್‌ಡ್ರಾ ಮಾಡಿ. ಗ್ರೇಡಿಗೆ ಪೆಟ್ಟು ಬೀಳುವುದಿಲ್ಲ, ದುಡ್ಡು ಹೋಗುತ್ತದೆ ಅಷ್ಟೇ.

ದುಡ್ಡು ಅಂದಾಗ: ಶುರುವಾದಾಗ ಪೂರ್ತಿ ಡಿಗ್ರಿಗೆ ಸುಮಾರು 7,000 ಡಾಲರ್ ಅಂತ ಹೆಸರಾಗಿತ್ತು. ಈಗಿನ ದರ ಅವರ ಸೈಟಿನಲ್ಲೇ ನೋಡಿ. ಕ್ರೆಡಿಟ್ ಲೆಕ್ಕದ ಫೀ ಅಲ್ಲದೆ ಪ್ರತಿ ಸೆಮಿಸ್ಟರ್‌ಗೂ ಬೇರೆ ಶುಲ್ಕ ಇದೆ, ಅದನ್ನು ಹತ್ತು ಸಲ ಕಟ್ಟುವ ಲೆಕ್ಕ ಹಾಕಿಕೊಳ್ಳಿ.

ಸರ್ಟಿಫಿಕೇಟಿನಲ್ಲಿ 'ಆನ್‌ಲೈನ್' ಎಂಬ ಪದ ಇರುವುದಿಲ್ಲ. ಅಷ್ಟಕ್ಕೇ ಮರುಳಾಗಬೇಡಿ. ಆನ್‌ಲೈನ್ ಓದಿಗೆ ಅಮೆರಿಕದ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ, ಹಾಗಾಗಿ ಅಲ್ಲಿ ಹೋಗಿ ನೆಲೆಸುವ ದಾರಿ ಅಂತ ಇದನ್ನು ನೋಡಬೇಡಿ. ಇಲ್ಲಿ ಕಾಲೇಜಿನಲ್ಲಿ ಪಾಠ ಮಾಡುವ ಅಥವಾ ಸರ್ಕಾರಿ ಕೆಲಸದ ಯೋಚನೆ ಇದ್ದರೆ, ವಿದೇಶದ ಆನ್‌ಲೈನ್ ಡಿಗ್ರಿಗೆ ಮಾನ್ಯತೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ. ಅಂಥವರಿಗೆ ಗೇಟ್ ಬರೆದು ಇಲ್ಲೇ ಎಂ.ಟೆಕ್ ಮಾಡುವುದೇ ಮೇಲು. ಕಂಪನಿ ಕೆಲಸದಲ್ಲೇ ಇರುತ್ತೀರಿ ಅಂದರೆ ಅರ್ಜಿ ಹಾಕಿ. ಲೆಟರ್ ಬರೆಯುವ ಮೂವರಿಗೂ ಈಗಲೇ ಫೋನ್ ಮಾಡಿ, ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿಕೊಳ್ಳಲು ಹೇಳಿ. ಲೆಟರ್ ಕಳಿಸಲು ಮೇಷ್ಟ್ರುಗಳಿಗೆ ಬರುವ ಇಮೇಲ್ ಲಿಂಕ್ ಎಷ್ಟೋ ಸಲ ಅಲ್ಲೇ ಹೋಗಿ ಬೀಳುತ್ತದೆ.