ಹೆಸರಿಡುವ ಮೊದಲೇ ನೆರವು ಶುರುವಾಗಲಿ

ಪ್ರಿಯ ಓದುಗರೆ,

ಬ್ರಹ್ಮಾವರದಿಂದ ಬರೆದ ನಿಮ್ಮ ಪತ್ರವನ್ನು ಎರಡೆರಡು ಸಲ ಓದಿದೆ. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಮಾತು ಬಂದದ್ದು ತಡವಾಗಿ. ಈಗ ಮನೆಯಲ್ಲಿ ತುಳು ಮಾತಾಡುತ್ತಾನೆ, ಆದರೆ ದಿನವೂ ನೋಡುವ ವಸ್ತುವಿನ ಹೆಸರಿಗೂ ತಡಕಾಡುತ್ತಾನೆ, ಪದ್ಯದ ಎರಡನೇ ಸಾಲು ನೆನಪಿರುವುದಿಲ್ಲ. ‘ಯಾರಿಗಾದರೂ ತೋರಿಸಿ’ ಎಂದು ಟೀಚರ್ ಹೇಳಿದ್ದಾರೆ. ‘ಇವನ ಅಪ್ಪನೂ ಹೀಗೇ ಇದ್ದ, ಒಂದನೇ ಕ್ಲಾಸಿಗೆ ಬರುವಾಗ ಸರಿಯಾಗುತ್ತದೆ’ ಎಂಬುದು ನಿಮ್ಮ ಅತ್ತೆಯವರ ಮಾತು. ಕಲಿಕಾ ನ್ಯೂನತೆ ಇದೆಯೇ ಎಂದು ಎಂಟು ವರ್ಷದ ಮೊದಲು ಖಚಿತವಾಗಿ ಹೇಳಲಾಗದು ಎಂದು ಪರಿಚಯದ ವೈದ್ಯರು ಹೇಳಿದರಂತೆ. ಹಾಗಾದರೆ ಕಾಯಬೇಕೇ ಎಂದು ಕೇಳಿದ್ದೀರಿ.

ಕಾಯಬೇಡಿ.

ವೈದ್ಯರು ಹೇಳಿದ್ದು ತಪ್ಪಲ್ಲ. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಓದು, ಬರಹ, ಲೆಕ್ಕಕ್ಕೆ ಸಂಬಂಧಿಸಿದ್ದು. ಒಂದೆರಡು ವರ್ಷ ಸರಿಯಾಗಿ ಕಲಿಸಿ ನೋಡದೆ ಅದನ್ನು ಹೆಸರಿಸುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನು ಮಾನ್ಯ ಮಾಡಿದೆ, ಆದರೆ ಪ್ರಮಾಣಪತ್ರದ ಮಾತು ಮುಂದಿನದು. ನೆರವಿಗೆ ಪ್ರಮಾಣಪತ್ರ ಬೇಕಿಲ್ಲ. ಪದದೊಳಗಿನ ಸದ್ದುಗಳನ್ನು ಬಿಡಿಸಿ ಕೇಳಿಸಿಕೊಳ್ಳುವುದು, ಹೆಸರುಗಳನ್ನು ನೆನಪಿನಿಂದ ಥಟ್ಟನೆ ಹೇಳುವುದು, ಎರಡು ಹಂತದ ಸೂಚನೆ ಪಾಲಿಸುವುದು: ಓದಿಗೆ ಅಡಿಪಾಯವಾದ ಇವನ್ನೆಲ್ಲ ನಾಲ್ಕು ವರ್ಷಕ್ಕೇ ಅಭ್ಯಾಸ ಮಾಡಿಸಬಹುದು. ಮೂರನೇ ಕ್ಲಾಸಿನವರೆಗೆ ಬಿಟ್ಟರೆ ಅಕ್ಷರದ ಜೊತೆಗೆ ‘ನನಗೆ ಬರುವುದಿಲ್ಲ’ ಎಂಬ ನಂಬಿಕೆಯನ್ನೂ ಬಿಡಿಸಬೇಕಾಗುತ್ತದೆ. ಆ ಕೆಲಸ ಎಷ್ಟೋ ಕಷ್ಟದ್ದು.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅದು ಮುಖ್ಯವಾದ ಮಾಹಿತಿ. ಓದಿನ ತೊಂದರೆ ವಂಶದಲ್ಲಿ ಬರುವುದು ಸಾಮಾನ್ಯ. ಅಪ್ಪನಿಗೂ ಹೀಗಿತ್ತು ಎಂದಾದರೆ ಬೇಗ ತೋರಿಸಲು ಅದೇ ಕಾರಣ. ಅಪ್ಪ ಆಗ ಎಷ್ಟು ಒದ್ದಾಡಿದರೆಂದು ಅವರನ್ನೇ ಕೇಳಿ ನೋಡಿ, ಅದನ್ನೂ ತಜ್ಞರಿಗೆ ತಿಳಿಸಿ.

ಇನ್ನು ತುಳು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿಸಿ ಎಂಬ ಸಲಹೆ ನಮ್ಮ ಕಡೆ ಧಾರಾಳವಾಗಿ ಸಿಗುತ್ತದೆ. ದಯವಿಟ್ಟು ಕೇಳಬೇಡಿ. ತುಳು, ಕೊಂಕಣಿ, ಬ್ಯಾರಿ ಆಡುವ ಮನೆಯ ಮಕ್ಕಳಿಗೆ ಎರಡು ಮೂರು ಭಾಷೆಯಿಂದ ಕಲಿಕೆಯ ತೊಂದರೆ ಹುಟ್ಟುವುದಿಲ್ಲ. ಮನೆಮಾತಿನಲ್ಲಿ ಚುರುಕಾಗಿದ್ದು ಶಾಲೆಯ ಭಾಷೆಯಲ್ಲಿ ಮಾತ್ರ ಹಿಂದಿದ್ದರೆ ಆ ಭಾಷೆಯ ರೂಢಿ ಸಾಲದೆಂದು ತಿಳಿಯಬಹುದು. ನಿಮ್ಮ ಮಗ ತುಳುವಿನಲ್ಲೂ ತಡವರಿಸುತ್ತಾನೆ, ಹಾಗಾಗಿ ತೋರಿಸಲೇಬೇಕು.

ಮೊದಲು ಕಿವಿ. ಶೀತ ಮತ್ತೆ ಮತ್ತೆ ಬರುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಕೇಳಿಸುವುದು ಮಂದವಾಗಬಹುದು. ನೋವಿಲ್ಲದಿದ್ದರೆ ಮಗು ಹೇಳುವುದೇ ಇಲ್ಲ. ಕಣ್ಣನ್ನೂ ನೋಡಿಸಿ. ಆಮೇಲೆ ಮಾತು ಮತ್ತು ಭಾಷೆಯ ಪರೀಕ್ಷೆ. ಮಣಿಪಾಲದಲ್ಲೂ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲೂ ವಾಕ್ ಮತ್ತು ಶ್ರವಣ ವಿಭಾಗಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ಬೆಳವಣಿಗೆಯ ವಿಳಂಬವನ್ನೂ ನೋಡುತ್ತಾರೆ. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಇದಕ್ಕೆ ಮಾತ್ರೆ, ಟಾನಿಕ್ ಇಲ್ಲ. ‘ಬುದ್ಧಿ ಚುರುಕಾಗುವ ಮದ್ದು’ ಎಂದು ಯಾರಾದರೂ ಕೊಟ್ಟರೆ ತಗೊಳ್ಳಬೇಡಿ.

ಮನೆಯಲ್ಲಿ ಏನು ಮಾಡಲಿ ಎಂದಿದ್ದೀರಿ. ಮೀನು ತಂದ ದಿನ ಅವನನ್ನು ಅಡುಗೆಮನೆಯಲ್ಲಿ ಕೂರಿಸಿಕೊಳ್ಳಿ. ಬಂ-ಗು-ಡೆ ಎಂದು ಮೂರು ಚಪ್ಪಾಳೆ, ಬೂ-ತಾ-ಯಿ ಎಂದು ಮೂರು, ಕಾ-ಣೆ ಎಂದು ಎರಡು. ಇದು ರೂಢಿಯಾದ ಮೇಲೆ ಇವುಗಳಲ್ಲಿ ‘ಬ’ ಸದ್ದಿನಿಂದ ಶುರುವಾಗುವವು ಯಾವುವು ಎಂದು ಕೇಳಿ. ‘ಕಾಣೆ’ಯಿಂದ ‘ಕಾ’ ತೆಗೆದರೆ ಏನುಳಿಯಿತು ಎಂಬುದು ಇನ್ನೂ ಕಷ್ಟದ ಪ್ರಶ್ನೆ, ಅವಸರ ಬೇಡ. ಐದು ನಿಮಿಷ ಸಾಕು, ಅವನು ನಗುತ್ತಿರುವಾಗಲೇ ನಿಲ್ಲಿಸಿ. ಅ, ಆ, ಇ, ಈ ಪುಟಗಟ್ಟಲೆ ತಿದ್ದಿಸುವುದನ್ನು ಮಾತ್ರ ಸದ್ಯ ಬಿಟ್ಟುಬಿಡಿ, ಟ್ಯೂಷನ್ನೂ ಬೇಡ. 3 ಅನ್ನು ತಿರುಗಿಸಿ ಬರೆಯುತ್ತಾನೆಂದು ಗಾಬರಿಯಾಗಿದ್ದೀರಿ. ಈ ವಯಸ್ಸಿನಲ್ಲಿ ಅದು ಬಹಳ ಮಕ್ಕಳಲ್ಲಿ ಇರುವುದೇ.

ಎಲ್‌ಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸೋಣ ಎಂದು ಶಾಲೆಯವರು ಕೇಳಿದ್ದಕ್ಕೆ ಈಗಲೇ ಒಪ್ಪಬೇಡಿ. ಬೇರೆ ರೀತಿಯಲ್ಲಿ ಕಲಿಸದಿದ್ದರೆ ಅದೇ ಪಾಠ ಇನ್ನೊಮ್ಮೆ ಆಗುತ್ತದೆ ಅಷ್ಟೆ. ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಟೀಚರ್ ಜೊತೆ ಕೂತು ಮಾತಾಡಿ. ನಿಮ್ಮ ಮಗನ ತೊಡಕನ್ನು ಮೊದಲು ಗಮನಿಸಿ, ಮುಚ್ಚಿಡದೆ ಹೇಳಿದವರು ಅವರೇ.

– ಸಂಪಾದಕ