ಮೂವತ್ತು ಪುಟಕ್ಕೆ ನಿಂತ ಪುಸ್ತಕ

ಪ್ರಶ್ನೆ: ಜಾತಿ, ಧರ್ಮ, ರಾಜಕೀಯದ ಮೇಲೆ ವಿದ್ವಾಂಸರ ಹೊಸ ಪುಸ್ತಕಗಳು ಬರುತ್ತಲೇ ಇವೆ. ಚರ್ಚ್ ಸ್ಟ್ರೀಟಿನಲ್ಲಿ ಒಂದನ್ನು 1,200 ರೂಪಾಯಿ ಕೊಟ್ಟು ತಂದೆ. 30 ಪುಟ ದಾಟಲಿಲ್ಲ. ತಪ್ಪು ನನ್ನದಾ, ಪುಸ್ತಕದ್ದಾ?
— ಒಬ್ಬ ಓದುಗ, ಬಸವನಗುಡಿ

ಉತ್ತರ: ಜಾಸ್ತಿ ಪಾಲು ಪುಸ್ತಕದ್ದೇ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮನೆಯಲ್ಲೂ ಅಂಥದ್ದೊಂದು ಎರಡು ವರ್ಷದಿಂದ ಫ್ಯಾನಿನ ಗಾಳಿಗೆ ಪೇಪರ್ ಹಾರದಂತೆ ನೋಡಿಕೊಳ್ಳುತ್ತಿದೆ. ಇವುಗಳಲ್ಲಿ ಎಷ್ಟೋ ಮೊದಲು ಪಿಎಚ್‌.ಡಿ. ಪ್ರಬಂಧಗಳು. ಮೊದಲ ಅಧ್ಯಾಯ ಬರೆದಿರುವುದೇ ಪರೀಕ್ಷಕರಿಗೆ: ಯಾರು ಏನು ಹೇಳಿದ್ದಾರೆ, ಅದಕ್ಕೆ ಇನ್ಯಾರು ಏನು ತಕರಾರು ತೆಗೆದಿದ್ದಾರೆ ಅಂತ. ನೀವು ಸಿಕ್ಕಿಹಾಕಿಕೊಂಡಿದ್ದು ಅಲ್ಲೇ ಇರಬೇಕು. ಅದನ್ನು ಸುಮ್ನೆ ಹಾರಿಸಿ, ಲೇಖಕರು ಒಂದು ಊರಿಗೋ ಕೇರಿಗೋ ಗುಡಿಗೋ ಕಾಲಿಡುವ ಪುಟ ಹುಡುಕಿ ಅಲ್ಲಿಂದ ಶುರು ಮಾಡಿ. ಅಂಥ ಪುಟವೇ ಇಲ್ಲ ಅಂದರೆ ನಾನಂತೂ ಮುಚ್ಚಿಡುತ್ತೇನೆ. (ತತ್ತ್ವಶಾಸ್ತ್ರದವರು ಬೈಯಬಹುದು, ಬೈಯಲಿ.)

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ಉಳಿದರು, ಬರೆಯುವಾಗ ಅದಕ್ಕೆ ರಾಮಪುರ ಅಂತ ಹೆಸರಿಟ್ಟರು. ಎಲೆಕ್ಷನ್ ಬಂದರೆ ನಾವೆಲ್ಲ ಆಡುವ ‘ವೋಟ್ ಬ್ಯಾಂಕ್’ ಅನ್ನೋ ಮಾತು ಚಲಾವಣೆಗೆ ಬಂದಿದ್ದು ಅವರು 1955ರಲ್ಲಿ ಬರೆದ ಹಳ್ಳಿಯ ಲೇಖನದಿಂದಲೇ. ಜಗಲಿ ಮೇಲೆ ಕೂತು ನೋಡಿದವರಿಗೆ ಸಿಗುವ ಮಾತು ಅದು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ಕೂತು ಜೋಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಯೂ ಅಲ್ಲೇ ಇದ್ದವು. ಆಮೇಲೆ ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಇಂಗ್ಲಿಷೇ ಆದರೂ ನಿಮಗೆ 30ನೇ ಪುಟ ದಾಟಿದ್ದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೊನೆಯ ಪುಟಗಳನ್ನು ತಿರುವಿ. ಪದಸೂಚಿ ಇದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ, ಕರಗ ಅಂತಲೋ ಕಡಲೆಕಾಯಿ ಪರಿಷೆ ಅಂತಲೋ, ಹುಡುಕಿ ಆ ಪುಟ ಓದಿ. ಗೊತ್ತಿರುವುದರಲ್ಲೇ ಎಡವಿದವರನ್ನು ಗೊತ್ತಿಲ್ಲದ್ದರಲ್ಲಿ ಹೇಗೆ ನಂಬುವುದು, ಅಲ್ವಾ? ಕನ್ನಡದ ಪುಸ್ತಕಗಳಲ್ಲಿ ಪದಸೂಚಿಯೇ ಅಪರೂಪ, ಅದು ನನ್ನ ಹಳೇ ಸಿಟ್ಟು.

ಇನ್ನು ದುಡ್ಡಿನ ವಿಷಯ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿ ಇದೆ. ನಿಮಗೆ ಪಕ್ಕದಲ್ಲೇ, ಎನ್.ಆರ್. ಕಾಲೊನಿಯಲ್ಲಿ, ಡಿವಿಜಿ 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆಯೂ ಇದೆ. ಮೊದಲು ಅಲ್ಲಿ ಕೇಳಿ ನೋಡಿ. ಮನೆಗೆ ತಂದಿರುವುದನ್ನು ಎರಡನೇ ಅಧ್ಯಾಯದಿಂದ ಇನ್ನೊಮ್ಮೆ ಹಿಡಿಯಿರಿ. ಆಗಲೂ ಓಡದಿದ್ದರೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಿಗೆ ಒಯ್ಯಬೇಡಿ, ಅರ್ಧ ಬೆಲೆಗೂ ತಗೊಳ್ಳುವುದಿಲ್ಲ. ನಾನು ಒಯ್ದು ವಾಪಸ್ ತಂದಿದ್ದೇ ಈಗ ಫ್ಯಾನಿನ ಕೆಳಗೆ ಇರುವುದು.